ಕ್ರೈಸ್ತ ಚಿಂತನೆಯಲ್ಲಿ ನಾಯಕತ್ವ

ಜನರ ಹೊಣೆ ಹೊತ್ತು ಅವರನ್ನು ಮುನ್ನಡೆಸುವವರಲ್ಲಿ ಯಾವ ಗುಣಗಳಿರಬೇಕು, ಅವರ ಅಧಿಕಾರದ ಮೂಲ ಯಾವುದು, ಅದರ ಮೇರೆ ಎಲ್ಲಿಯವರೆಗೆ, ಅವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಗಳನ್ನು ಕ್ರೈಸ್ತ ಧರ್ಮವು ತನ್ನ ಆರಂಭದಿಂದಲೂ ಚರ್ಚಿಸುತ್ತ ಬಂದಿದೆ. ಬೈಬಲಿನ ಕಥನಗಳು, ಯೇಸು ಕ್ರಿಸ್ತನ ಬೋಧನೆ, ಆದಿ ಸಭೆಯ ಪತ್ರಗಳು, ಸನ್ಯಾಸಿ ಮಠಗಳ ನಿಯಮಗಳು ಹಾಗೂ ಆಧುನಿಕ ಕಾಲದ ಹೋರಾಟಗಳಲ್ಲಿ ರೂಪುಗೊಂಡ ಈ ಚಿಂತನೆಯ ತಿರುಳು ಇಷ್ಟು: ಅಧಿಕಾರವೆಂಬುದು ದೇವರು ನಾಯಕನನ್ನು ನಂಬಿ ಒಪ್ಪಿಸಿದ ಹೊಣೆ, ಅದು ಅವನ ಸ್ವತ್ತಲ್ಲ, ಅವನ ಆಸರೆಯಲ್ಲಿರುವವರಲ್ಲಿ ಎಲ್ಲರಿಗಿಂತ ದುರ್ಬಲರಾದವರು ಹೇಗೆ ಬಾಳುತ್ತಿದ್ದಾರೆ ಎಂಬುದೇ ಅವನ ಯೋಗ್ಯತೆಯ ಅಳತೆಗೋಲು.

ಪದಗಳು ಮತ್ತು ರೂಪಕಗಳು

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಆ ಭಾಷೆಯಲ್ಲಿ ಅಧಿಪತಿಗೆ ರೂಢಿಯಲ್ಲಿದ್ದ ‘ಆರ್ಖೋನ್’ ಎಂಬ ಪದವನ್ನು ಹೊಸ ಒಡಂಬಡಿಕೆಯು ಲೋಕದ ಅಧಿಕಾರಿಗಳಿಗೆ ಬಳಸುತ್ತದೆಯೇ ಹೊರತು ಸಭೆಯ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯದ, ಮುಂದಾಳುಗಳಿಗೆ ಬಳಸುವುದಿಲ್ಲ. ಸಭೆಯ ಹೊಣೆಗಾರರಿಗೆ ಬರುವ ಪದಗಳು ದಿನನಿತ್ಯದ ದುಡಿಮೆಯಿಂದ ಬಂದವು: ‘ದಿಯಾಕೊನೊಸ್’ ಎಂದರೆ ಊಟಕ್ಕೆ ಬಡಿಸುವ ಸೇವಕ, ‘ದೂಲೊಸ್’ ಎಂದರೆ ದಾಸ, ‘ಪೊಯಿಮೇನ್’ ಎಂದರೆ ಕುರಿ ಕಾಯುವವನು, ‘ಒಯಿಕೊನೊಮೊಸ್’ ಎಂದರೆ ಯಜಮಾನನ ಮನೆವಾರ್ತೆಯನ್ನು ನೋಡಿಕೊಳ್ಳುವ ಪಾರುಪತ್ಯಗಾರ. ಇವುಗಳ ಜೊತೆಗೆ ಹಿರಿಯ ಎಂಬರ್ಥದ ‘ಪ್ರೆಸ್ಬುತೆರೊಸ್’ ಮತ್ತು ಮೇಲ್ವಿಚಾರಕ ಎಂಬರ್ಥದ ‘ಎಪಿಸ್ಕೊಪೊಸ್’ ಪದಗಳೂ ಇವೆ. ಬಿಷಪ್ ಎಂಬ ಹೆಸರು ಬಂದಿರುವುದು ಎರಡನೆಯದರಿಂದ. ಬಿಷಪರನ್ನು ಕನ್ನಡದ ಕಥೋಲಿಕರು ಧರ್ಮಾಧ್ಯಕ್ಷರೆಂದು ಕರೆದರೆ, ಪ್ರೊಟೆಸ್ಟೆಂಟರು ತಮ್ಮ ಊರಿನ ಸಭೆಯನ್ನು ನೋಡಿಕೊಳ್ಳುವವರನ್ನು ಸಭಾಪಾಲಕರು ಎನ್ನುತ್ತಾರೆ. ಪಾಸ್ಟರ್ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ ಕುರಿ ಕಾಯುವವನೆಂದೇ ಅರ್ಥ.

ಕುರುಬ, ಪಾರುಪತ್ಯಗಾರ, ಸೇವಕ ಎಂಬ ಈ ಮೂರು ರೂಪಕಗಳ ಸುತ್ತಲೇ ಕ್ರೈಸ್ತ ನಾಯಕತ್ವದ ವಿಚಾರ ಬೆಳೆದಿದೆ. ಮೂವರಲ್ಲಿ ಯಾರೂ ಒಡೆಯರಲ್ಲ ಎಂಬುದು ಇವುಗಳನ್ನು ಒಂದುಗೂಡಿಸುವ ಅಂಶ. ಕುರುಬನು ಹಿಂಡನ್ನು ಮೇಯಿಸುತ್ತಾನೆ, ಆದರೆ ಸಂಜೆಗೆ ಕುರಿಗಳನ್ನು ಎಣಿಸಿ ಒಡೆಯನಿಗೆ ಒಪ್ಪಿಸಬೇಕು. ಪಾರುಪತ್ಯಗಾರನ ಕೈಯಲ್ಲಿ ಉಗ್ರಾಣದ ಬೀಗದ ಕೈಯಿದ್ದರೂ ಒಳಗಿನ ಕಾಳು ಅವನದಲ್ಲ. ಸೇವಕನು ಬಡಿಸುವ ಅಡುಗೆ ಪಂಕ್ತಿಯಲ್ಲಿ ಕುಳಿತವರ ಪಾಲಿನದು. ಹೀಗೆ ನಾಯಕನನ್ನು ಒಡೆಯನ ಸ್ಥಾನದಿಂದ ಇಳಿಸಿ ಲೆಕ್ಕ ಕೊಡಬೇಕಾದವನ ಸ್ಥಾನದಲ್ಲಿ ನಿಲ್ಲಿಸುವುದು ಈ ರೂಪಕಗಳ ಉದ್ದೇಶ.

ಹಳೆಯ ಒಡಂಬಡಿಕೆ: ಮೇರೆಯುಳ್ಳ ಅಧಿಕಾರ

ಯೆಹೂದ್ಯರಿಗೂ ಕ್ರೈಸ್ತರಿಗೂ ಪವಿತ್ರವಾದ ಹೀಬ್ರೂ ಗ್ರಂಥಗಳಲ್ಲಿ ನಾಯಕತ್ವದ ಮೊದಲ ವಿಸ್ತಾರವಾದ ಪಾಠ ಮೋಶೆಯ ಕಥೆಯಲ್ಲಿದೆ. ಇಸ್ರಾಯೇಲ್ಯರನ್ನು ಈಜಿಪ್ಟಿನ ದಾಸತ್ವದಿಂದ ಬಿಡಿಸಿ ತಂದ ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಕಂಡ ಅವನ ಮಾವ ಇತ್ರೋ, ಹೀಗೆ ಮಾಡಿದರೆ ಅವನೂ ಬಳಲುತ್ತಾನೆ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿ, ಸಾವಿರ, ನೂರು, ಐವತ್ತು ಮತ್ತು ಹತ್ತು ಮಂದಿಗೆ ಒಬ್ಬೊಬ್ಬರಂತೆ ಮುಖ್ಯಸ್ಥರನ್ನು ನೇಮಿಸಲು ಸಲಹೆ ಕೊಡುತ್ತಾನೆ. ಆ ಮುಖ್ಯಸ್ಥರು ಸಮರ್ಥರೂ ದೇವಭಯವುಳ್ಳವರೂ ನಂಬಿಗಸ್ತರೂ ಲಂಚವನ್ನು ದ್ವೇಷಿಸುವವರೂ ಆಗಿರಬೇಕೆಂಬ ನಿಬಂಧನೆ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಹೊರೆಯನ್ನು ಹಂಚಿಕೊಳ್ಳುವುದು ನಾಯಕನ ದೌರ್ಬಲ್ಯವಲ್ಲವೆಂಬ ವಿವೇಕ ಇಲ್ಲಿದೆ. ಆ ವಿವೇಕವನ್ನು ಹೇಳಿದವನು ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಪೂಜಾರಿ ಎಂಬುದೂ ಗಮನಿಸತಕ್ಕದ್ದು.

ಧರ್ಮೋಪದೇಶಕಾಂಡದ 17ನೆಯ ಅಧ್ಯಾಯವು ಅರಸನಿಗೆ ಹಾಕುವ ಕಟ್ಟುಪಾಡುಗಳು ಪ್ರಾಚೀನ ಪಶ್ಚಿಮ ಏಷ್ಯಾದ ರಾಜತ್ವದ ವೈಭವಕ್ಕೆ ತದ್ವಿರುದ್ಧವಾಗಿವೆ. ಅರಸನು ಕುದುರೆಗಳನ್ನೂ ಪತ್ನಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದು, ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆಯಿಸಿಟ್ಟುಕೊಂಡು ಜೀವಮಾನವೆಲ್ಲ ಓದುತ್ತಿರಬೇಕು, ತನ್ನ ಸಹೋದರರಿಗಿಂತ ತಾನು ಮೇಲೆಂದು ಉಬ್ಬಬಾರದು ಎಂದು ಅದು ವಿಧಿಸುತ್ತದೆ. ಸೈನ್ಯಬಲ, ಅಂತಃಪುರ ಮತ್ತು ಬೊಕ್ಕಸ ಎಂಬ ಮೂರೂ ಅಧಿಕಾರದ ಗುರುತುಗಳಿಗೆ ಹೀಗೆ ಮಿತಿ ಹಾಕಿ, ಅರಸನನ್ನು ಕಾನೂನಿನ ಕೆಳಗಿಡಲಾಗಿದೆ. ಈ ಮಿತಿಯನ್ನು ಮೀರಿದ ಸೊಲೊಮೋನನ ನಂತರ ಪಟ್ಟಕ್ಕೆ ಬಂದ ರೆಹಬ್ಬಾಮನು ಜನರ ನೊಗವನ್ನು ಹಗುರ ಮಾಡಿ ಅವರ ಸೇವಕನಂತಿರಬೇಕೆಂಬ ಹಿರಿಯರ ಸಲಹೆಯನ್ನು ತಳ್ಳಿ, ಜೊತೆಗಾರರ ಮಾತು ಕೇಳಿ ಬಿರುಸಾಗಿ ಉತ್ತರಿಸಿದ್ದರಿಂದ ರಾಜ್ಯವೇ ಇಬ್ಭಾಗವಾಯಿತೆಂದು ಅರಸುಗಳ ಗ್ರಂಥ ಹೇಳುತ್ತದೆ.

ಅರಸನನ್ನು ಪ್ರಶ್ನಿಸುವ ಹೊಣೆ ಪ್ರವಾದಿಗಳದು. ಪ್ರವಾದಿ ಎಂದರೆ ದೇವರ ಮಾತನ್ನು ಜನರ ಮುಂದೆ ಸಾರುವವನು. ದಾವೀದನು ತನ್ನ ಸೇನೆಯ ಯೋಧ ಊರೀಯನ ಹೆಂಡತಿಯಾದ ಬತ್ಷೆಬೆಯನ್ನು ಕರೆಸಿಕೊಂಡು, ಆ ತಪ್ಪನ್ನು ಮುಚ್ಚಲು ಊರೀಯನನ್ನು ಯುದ್ಧದಲ್ಲಿ ಸಾಯಿಸಿದಾಗ, ನಾತಾನನೆಂಬ ಪ್ರವಾದಿ ಬಡವನೊಬ್ಬನ ಒಂದೇ ಒಂದು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕಥೆ ಹೇಳಿ ಅರಸನ ಬಾಯಿಂದಲೇ ತೀರ್ಪು ಹೊರಡಿಸುತ್ತಾನೆ. ಇಸ್ರಾಯೇಲಿನ ಅರಸರಲ್ಲಿ ಶ್ರೇಷ್ಠನೆನಿಸಿದವನ ಈ ಅಪರಾಧವನ್ನು ಗ್ರಂಥವು ಮುಚ್ಚಿಡದಿರುವುದು, ದಾವೀದನು ನಾತಾನನನ್ನು ದಂಡಿಸದೆ ತನ್ನ ಪಾಪವನ್ನು ಒಪ್ಪಿಕೊಳ್ಳುವುದು ಇವೆರಡೂ ಬೈಬಲಿನ ನಾಯಕತ್ವದ ಕಲ್ಪನೆಯಲ್ಲಿ ಮಹತ್ವದವು. ಮುಂದೆ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯವು ಹಿಂಡನ್ನು ಮೇಯಿಸದೆ ತಮ್ಮ ಹೊಟ್ಟೆಯನ್ನೇ ಹೊರೆದುಕೊಳ್ಳುವ ಕುರುಬರನ್ನು ಕಟುವಾಗಿ ಖಂಡಿಸುತ್ತದೆ. ಪರ್ಷಿಯನ್ನರ ಆಳ್ವಿಕೆಯಲ್ಲಿ ಯೆಹೂದದ ರಾಜ್ಯಪಾಲನಾಗಿದ್ದ ನೆಹೆಮೀಯನು ಬಡವರ ಹೊಲಗಳನ್ನು ಅಡವು ಹಿಡಿದಿದ್ದ ಶ್ರೀಮಂತರಿಂದ ಅವನ್ನು ಹಿಂದಿರುಗಿಸಿ ಕೊಡಿಸಿದ್ದೂ, ಜನರ ಮೇಲೆ ಹೊರೆಯಾಗಬಾರದೆಂದು 12 ವರ್ಷ ತನ್ನ ಹುದ್ದೆಗೆ ಸಲ್ಲುತ್ತಿದ್ದ ಆಹಾರದ ಭತ್ಯೆಯನ್ನು ಮುಟ್ಟದಿದ್ದುದೂ ಇದಕ್ಕೆ ಎದುರಾದ ಮೇಲ್ಪಂಕ್ತಿ.

ಯೇಸುವಿನ ಬೋಧನೆ ಮತ್ತು ನಡೆ

ಕ್ರೈಸ್ತ ನಾಯಕತ್ವದ ಕೇಂದ್ರ ಪಾಠವೆಂದು ಎಲ್ಲ ಪಂಗಡಗಳೂ ಒಪ್ಪುವ ಭಾಗ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನರು ಯೇಸುವಿನ ಮಹಿಮೆಯ ಕಾಲದಲ್ಲಿ ಅವನ ಎಡಬಲದ ಆಸನಗಳು ತಮಗೆ ದೊರೆಯಬೇಕೆಂದು ಕೇಳಿಕೊಂಡಾಗ ಉಳಿದ ಹತ್ತು ಶಿಷ್ಯರು ಸಿಟ್ಟಾಗುತ್ತಾರೆ. ಲೋಕದ ದೊರೆಗಳು ಜನರ ಮೇಲೆ ದೊರೆತನ ನಡೆಸುವರೆಂದೂ, ಶಿಷ್ಯರಲ್ಲಿ ಹಾಗಿರಕೂಡದೆಂದೂ, ದೊಡ್ಡವನಾಗಬೇಕೆನ್ನುವವನು ಎಲ್ಲರ ಆಳಾಗಬೇಕೆಂದೂ, ತಾನು ಸೇವೆ ಮಾಡಿಸಿಕೊಳ್ಳಲು ಬಂದವನಲ್ಲ, ಸೇವೆ ಮಾಡಿ ಪ್ರಾಣವನ್ನೇ ಕೊಡಲು ಬಂದವನೆಂದೂ ಯೇಸು ಅವರಿಗೆ ತಿಳಿಸುತ್ತಾನೆ. ದೊಡ್ಡವರಾಗುವ ಬಯಕೆಯನ್ನು ಇಲ್ಲಿ ಹತ್ತಿಕ್ಕಿಲ್ಲ, ದೊಡ್ಡತನದ ಅರ್ಥವನ್ನೇ ಬದಲಿಸಲಾಗಿದೆ.

ಈ ಮಾತು ನಡೆಯಾಗುವುದು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಊಟದಿಂದೆದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಅಂದು ಮನೆಯಾಳಿನ ಕೆಲಸವಾಗಿತ್ತು. ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಅವನು ಬಿಡಲಿಲ್ಲ. ಅನೇಕ ಸಭೆಗಳು ಪವಿತ್ರ ಗುರುವಾರದಂದು ಈ ಕ್ರಿಯೆಯನ್ನು ಪುನರಾವರ್ತಿಸುತ್ತವೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಬಂಧನಾಲಯದಲ್ಲಿ 12 ಮಂದಿ ಯುವ ಬಂದಿಗಳ ಕಾಲು ತೊಳೆದಾಗ, ಅವರಲ್ಲಿ ಹೆಣ್ಣುಮಕ್ಕಳೂ ಮುಸ್ಲಿಮರೂ ಇದ್ದುದರಿಂದ ಆಚರಣೆಯ ಮೂಲ ಅರ್ಥ ಮತ್ತೆ ಜಗತ್ತಿನ ಗಮನಕ್ಕೆ ಬಂದಿತು. ಅದೇ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಬರುವ ಒಳ್ಳೆಯ ಕುರುಬನ ಚಿತ್ರವೂ ಈ ವಿಚಾರದ ಇನ್ನೊಂದು ಮುಖ: ತೋಳ ಬಂದಾಗ ಕೂಲಿಗೆ ಬಂದವನು ಓಡಿಹೋಗುತ್ತಾನೆ, ಕುರಿಗಳನ್ನು ಹೆಸರಿನಿಂದ ಬಲ್ಲ ಕುರುಬನು ಪ್ರಾಣ ಕೊಟ್ಟು ಉಳಿಸುತ್ತಾನೆ.

ಆದಿ ಸಭೆಯ ಅನುಭವ

ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲಿ ಎದ್ದ ಮೊದಲ ಆಡಳಿತದ ಸಮಸ್ಯೆ ಊಟದ ಹಂಚಿಕೆಯದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನನಿತ್ಯದ ಆಹಾರ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಾಗ ಅಪೊಸ್ತಲರು, ಅಂದರೆ ಯೇಸು ಕಳುಹಿಸಿದ ಮೊದಲ ಶಿಷ್ಯರು, ದೂರನ್ನು ಅಲ್ಲಗಳೆಯದೆ ಸಭೆಯನ್ನು ಕೂಡಿಸಿ ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಲ್ಪಟ್ಟ ಏಳೂ ಮಂದಿಯ ಹೆಸರುಗಳು ಗ್ರೀಕ್ ಹೆಸರುಗಳಾಗಿರುವುದರಿಂದ, ನೊಂದವರ ಗುಂಪಿನವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ಅನೇಕ ವ್ಯಾಖ್ಯಾನಕಾರರು ಅರ್ಥೈಸುತ್ತಾರೆ. ಯೆಹೂದ್ಯರಲ್ಲದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ದೊಡ್ಡ ವಿವಾದವನ್ನೂ ಒಬ್ಬರ ಅಪ್ಪಣೆಯಿಂದ ತೀರಿಸದೆ, ಎರಡೂ ಪಕ್ಷಗಳ ಮಾತು ಕೇಳಿ ಸಭೆಯಲ್ಲಿ ತೀರ್ಮಾನಿಸಲಾಯಿತೆಂದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ತಿಳಿಸುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಕುಳಿತು ಉಣ್ಣುವುದನ್ನು ಭಯದಿಂದ ಬಿಟ್ಟಾಗ ಸುವಾರ್ತೆ ಸಾರುತ್ತಿದ್ದ ಪೌಲನು ಅವನನ್ನು ಎಲ್ಲರೆದುರಿಗೆ ಆಕ್ಷೇಪಿಸಿದ್ದು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಾಖಲಾಗಿದೆ. ಅಪೊಸ್ತಲರಲ್ಲಿ ಪ್ರಮುಖನೂ ಪ್ರಶ್ನೆಗೆ ಹೊರತಲ್ಲ ಎಂಬ ನಂಬಿಕೆ ಹೀಗೆ ಆರಂಭದಲ್ಲೇ ನೆಲೆಗೊಂಡಿತು. ಬಡವರಿಗಾಗಿ ಕೂಡಿಸಿದ ಹಣವನ್ನು ಯೆರೂಸಲೇಮಿಗೆ ಒಯ್ಯುವಾಗ ಯಾರೂ ಬೆರಳು ತೋರಿಸದಂತೆ ಸಭೆಗಳು ನೇಮಿಸಿದ ಜೊತೆಗಾರರನ್ನು ಪೌಲನು ಕರೆದೊಯ್ದದ್ದು ಹಣಕಾಸಿನ ಶುದ್ಧತೆಗೆ ಹಾಕಿಕೊಟ್ಟ ಮೇಲ್ಪಂಕ್ತಿ.

ನಾಯಕರ ಅರ್ಹತೆಗಳನ್ನು ಪಟ್ಟಿ ಮಾಡುವ ಎರಡು ಪ್ರಸಿದ್ಧ ಭಾಗಗಳು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಮತ್ತು ತೀತನಿಗೆ ಬರೆದ ಪತ್ರದ 1ನೆಯ ಅಧ್ಯಾಯದಲ್ಲಿವೆ. ಸಭಾಧ್ಯಕ್ಷನು ದೋಷಾರೋಪಣೆಗೆ ಎಡೆಗೊಡದವನು, ಜಿತೇಂದ್ರಿಯ, ಅತಿಥಿಸತ್ಕಾರ ಮಾಡುವವನು, ಬೋಧಿಸಬಲ್ಲವನು, ಕುಡುಕನಲ್ಲದವನು, ಹೊಡೆದಾಡದವನು, ಹಣದಾಸೆಯಿಲ್ಲದವನು, ತನ್ನ ಮನೆಯನ್ನು ಚೆನ್ನಾಗಿ ನಡೆಸುವವನು, ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದವನು ಆಗಿರಬೇಕು. ಹೊಸದಾಗಿ ವಿಶ್ವಾಸಕ್ಕೆ ಬಂದವನಾಗಿರಬಾರದು. ಈ ಪಟ್ಟಿಯಲ್ಲಿ ಕೌಶಲವೆನ್ನಬಹುದಾದದ್ದು ಬೋಧಿಸುವ ಮತ್ತು ಮನೆ ನಡೆಸುವ ಸಾಮರ್ಥ್ಯವಷ್ಟೇ. ಉಳಿದುದೆಲ್ಲ ಶೀಲಕ್ಕೆ ಸೇರಿದ್ದು. ಮಾತುಗಾರಿಕೆಗಿಂತ, ಜನರನ್ನು ಸೆಳೆಯುವ ಶಕ್ತಿಗಿಂತ ಬಾಳಿನ ನಡತೆಯೇ ಮುಖ್ಯವೆಂಬ ಈ ತೂಕ ಇಂದಿಗೂ ಅರ್ಥಪೂರ್ಣ. ಸ್ತ್ರೀಯರ ವಿಷಯದಲ್ಲಿ ಪಂಗಡಗಳ ನಡುವೆ ಭಿನ್ನಾಭಿಪ್ರಾಯವಿದ್ದರೂ, ಇಸ್ರಾಯೇಲಿಗೆ ನ್ಯಾಯಸ್ಥಾಪಕಿಯಾಗಿದ್ದ ದೆಬೋರಳನ್ನೂ, ಕೆಂಖ್ರೆಯ ಸಭೆಯಲ್ಲಿ ‘ದಿಯಾಕೊನೊಸ್’ ಎಂದು ಪೌಲನಿಂದ ಕರೆಸಿಕೊಂಡ ಫೊಯಿಬೆಯನ್ನೂ ಬೈಬಲ್ ಗೌರವದಿಂದ ಹೆಸರಿಸುತ್ತದೆ.

ಸಭಾಪಿತೃಗಳು ಮತ್ತು ಮಠಗಳು

ನಾಲ್ಕನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯವೇ ಕ್ರೈಸ್ತವಾದಾಗ ಸಭೆಯ ಮುಂದಾಳುಗಳಿಗೆ ರಾಜಾಶ್ರಯದ ಸೌಲಭ್ಯವೂ ಅದರ ಆಮಿಷವೂ ಒಟ್ಟಿಗೆ ಬಂದವು. ಥೆಸಲೊನೀಕದಲ್ಲಿ ತನ್ನ ಅಧಿಕಾರಿಯೊಬ್ಬನ ಕೊಲೆಗೆ ಪ್ರತಿಯಾಗಿ ಚಕ್ರವರ್ತಿ ಥಿಯೊಡೋಸಿಯಸನು 390ರಲ್ಲಿ ನಾಗರಿಕರ ಹತ್ಯೆಗೆ ಆಜ್ಞೆಯಿತ್ತಾಗ, ಮಿಲಾನಿನ ಬಿಷಪ್ ಆಂಬ್ರೋಸನು ಅವನಿಗೆ ಪವಿತ್ರ ಭೋಜನವನ್ನು ನಿರಾಕರಿಸಿ, ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುವಂತೆ ಮಾಡಿದನು. ನಾತಾನನ ಕೆಲಸವನ್ನು ಇಲ್ಲಿ ಬಿಷಪನು ಮಾಡಿದನೆನ್ನಬಹುದು. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪನಾಗಿದ್ದ ಆಗಸ್ಟೀನನು ಬಿಷಪ್ ಎಂಬುದು ಮರ್ಯಾದೆಯ ಹೆಸರಲ್ಲ, ದುಡಿಮೆಯ ಹೆಸರೆಂದು ವಿವರಿಸಿದನು.

ಆರನೆಯ ಶತಮಾನದಲ್ಲಿ ಇಟಲಿಯ ಮೊಂಟೆ ಕಸೀನೋ ಮಠದ ಬೆನೆಡಿಕ್ಟನು ರಚಿಸಿದ 73 ಅಧ್ಯಾಯಗಳ ನಿಯಮಾವಳಿಯಲ್ಲಿ ಮಠಾಧಿಪತಿಯ ಗುಣಗಳನ್ನು ಕುರಿತ ಭಾಗಗಳು ನಾಯಕತ್ವದ ಅಧ್ಯಯನಕ್ಕೆ ಬಹಳ ಬೆಲೆಯುಳ್ಳವು. ಮಠಾಧಿಪತಿಯು ತನ್ನ ವಶದಲ್ಲಿರುವ ಪ್ರತಿಯೊಂದು ಆತ್ಮಕ್ಕೂ ದೇವರ ಮುಂದೆ ಉತ್ತರ ಕೊಡಬೇಕು, ಮಾತಿಗಿಂತ ನಡತೆಯಿಂದ ಕಲಿಸಬೇಕು, ಕುಲೀನನೆಂದು ಒಬ್ಬನನ್ನು ದಾಸನಾಗಿದ್ದವನಿಗಿಂತ ಮೇಲೆ ಕೂರಿಸಬಾರದು, ಅವರವರ ಸ್ವಭಾವವರಿತು ತಿದ್ದಬೇಕು, ತುಕ್ಕು ಉಜ್ಜುವ ಭರದಲ್ಲಿ ಪಾತ್ರೆಯನ್ನೇ ಒಡೆಯಬಾರದು ಎಂಬ ಸೂಚನೆಗಳಿವೆ. ಮುಖ್ಯ ವಿಷಯಗಳಲ್ಲಿ ಮಠದ ಎಲ್ಲರನ್ನೂ ಕರೆದು ಆಲೋಚಿಸಬೇಕೆಂದು ವಿಧಿಸುವ ಬೆನೆಡಿಕ್ಟನು, ಅನೇಕ ಸಲ ಉತ್ತಮವಾದುದನ್ನು ದೇವರು ಎಲ್ಲರಿಗಿಂತ ಕಿರಿಯನಿಗೆ ತಿಳಿಸುತ್ತಾನೆಂಬ ಕಾರಣ ಕೊಡುತ್ತಾನೆ. ಮಠದಿಂದಲೇ ಬಂದು 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿಯು ಸಭಾಪಾಲನೆಯ ಕುರಿತು ಬರೆದ ಗ್ರಂಥವು ಮಧ್ಯಯುಗದಾದ್ಯಂತ ಬಿಷಪರ ಕೈಪಿಡಿಯಾಗಿತ್ತು. ಬಡವರಿಗೂ ಸಿರಿವಂತರಿಗೂ, ಅಂಜುವವರಿಗೂ ದುಡುಕುವವರಿಗೂ ಒಂದೇ ಬಗೆಯ ಬುದ್ಧಿವಾದ ಸಲ್ಲದೆಂದು ಅದು ಹತ್ತಾರು ಬಗೆಯ ಜನರನ್ನು ಹೆಸರಿಸಿ ವಿವರಿಸುತ್ತದೆ. ದೇವರ ಸೇವಕರ ಸೇವಕನೆಂದು ತನ್ನನ್ನು ಕರೆದುಕೊಂಡವನೂ ಅವನೇ. ಆ ಬಿರುದು ಪೋಪರ ಬಿರುದುಗಳಲ್ಲಿ ಇಂದಿಗೂ ಉಳಿದಿದೆ.

ಸುಧಾರಣೆಯಿಂದ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ

ಜರ್ಮನಿಯ ಮಾರ್ಟಿನ್ ಲೂಥರ್ 1520ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬ ವಿಶ್ವಾಸಿಯೂ ಯಾಜಕನೇ ಎಂದು ವಾದಿಸಿದರು. ಹಾಗಾಗಿ ಪಾದ್ರಿಗೂ ಸಾಮಾನ್ಯ ವಿಶ್ವಾಸಿಗೂ ಇರುವ ಅಂತರ ಹೊಣೆಯದೇ ಹೊರತು ಅಂತಸ್ತಿನದಲ್ಲ ಎಂಬ ನಿಲುವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೇರೂರಿತು. ಜಿನೀವಾ ನಗರಕ್ಕಾಗಿ ಜಾನ್ ಕ್ಯಾಲ್ವಿನ್ 1541ರಲ್ಲಿ ರೂಪಿಸಿದ ಕಟ್ಟಳೆಗಳು ಸಭಾಪಾಲಕರು, ಬೋಧಕರು, ಹಿರಿಯರು ಮತ್ತು ಸಭಾಸೇವಕರು ಎಂಬ ನಾಲ್ವರ ನಡುವೆ ಹೊಣೆಯನ್ನು ಹಂಚಿದವು. ಕಥೋಲಿಕ ಧರ್ಮಸಭೆಯಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯ ಸ್ವರೂಪವನ್ನು ಕುರಿತ ತನ್ನ 1964ರ ದಾಖಲೆಯಲ್ಲಿ ದೇವಜನರ ಅಧ್ಯಾಯವನ್ನು ಮೊದಲು, ಧರ್ಮಾಧಿಕಾರಿಗಳ ಶ್ರೇಣಿಯ ಅಧ್ಯಾಯವನ್ನು ಅದರ ನಂತರ ಇರಿಸಿತು. ಜನರು ಮೊದಲು, ಜನರಿಗಾಗಿ ಅಧಿಕಾರಿಗಳು ಎಂಬ ಭಾವನೆ ಆ ಅನುಕ್ರಮದಲ್ಲೇ ವ್ಯಕ್ತವಾಗಿದೆ.

ಭಾರತದ ನಿದರ್ಶನಗಳು

ಪಂಡಿತಾ ರಮಾಬಾಯಿಯವರು 1858ರಲ್ಲಿ ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಅನಂತಶಾಸ್ತ್ರಿ ಡೋಂಗ್ರೆ ಅವರ ತಂದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು ಅಲ್ಲಿಯ ಧಾರ್ಮಿಕ ಹಿರಿಯರಿಗೂ ಕುರುಡಾಗಿ ತಲೆಬಾಗದೆ, ದೇವರು ಕೊಟ್ಟ ವಿವೇಚನೆಯನ್ನು ಮನುಷ್ಯರ ಕೈಗೆ ಒಪ್ಪಿಸಲಾಗದೆಂದು ಪತ್ರಗಳಲ್ಲಿ ವಾದಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1890ರ ದಶಕದ ಕೊನೆಯ ಬರಗಾಲದಲ್ಲಿ ನಿರಾಶ್ರಿತರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಬೆಳೆಸಿದರು. ಆಸರೆ ಬೇಡಿ ಬಂದವರೇ ಕ್ರಮೇಣ ಅಲ್ಲಿಯ ಮುದ್ರಣಾಲಯ, ನೇಯ್ಗೆ, ತೋಟದ ಕೆಲಸಗಳನ್ನು ನಡೆಸುವವರಾದರು. 1922ರಲ್ಲಿ ತೀರಿಕೊಂಡ ರಮಾಬಾಯಿಯವರ ನಾಯಕತ್ವದ ಹಿರಿಮೆ, ಅವರ ಆಸರೆಗೆ ಬಂದವರು ಹೀಗೆ ತಮ್ಮ ಕಾಲ ಮೇಲೆ ತಾವು ನಿಂತುದರಲ್ಲಿದೆ.

ತಿರುನೆಲ್ವೇಲಿ ಸೀಮೆಯಲ್ಲಿ 1874ರಲ್ಲಿ ಹುಟ್ಟಿದ ವಿ. ಎಸ್. ಅಜರಯ್ಯ 1910ರಲ್ಲಿ ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ, ಪಾಶ್ಚಾತ್ಯ ಮಿಷನರಿಗಳು ಭಾರತೀಯರಿಗಾಗಿ ತ್ಯಾಗ ಮಾಡಿದರೂ ಅವರೊಡನೆ ಸಮಾನವಾದ ಗೆಳೆತನ ಬೆಳೆಸಿಲ್ಲವೆಂದು ನೇರವಾಗಿ ನುಡಿದರು. 1912ರಲ್ಲಿ ಕಲ್ಕತ್ತೆಯಲ್ಲಿ ಬಿಷಪ್ ಪದವಿಗೇರಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರೆನಿಸಿದ ಅವರು, ಇಂದಿನ ತೆಲಂಗಾಣದ ಡೋರ್ನಕಲ್ಲಿನಲ್ಲಿ 1945ರಲ್ಲಿ ಸಾಯುವವರೆಗೂ ಹಳ್ಳಿಗಳ ದಲಿತರ ನಡುವೆ ದುಡಿದರು. ಸ್ಥಳೀಯರ ಕೈಗೆ ಹೊಣೆ ಕೊಡದೆ ಸಭೆ ಬೆಳೆಯದೆಂಬುದು ಅವರ ದೃಢ ನಂಬಿಕೆ. ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಪರಂಪರೆಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯು ಬಿಷಪರ ಅಧಿಕಾರವನ್ನು ಉಳಿಸಿಕೊಂಡು, ಅದನ್ನು ಸಾಮಾನ್ಯ ವಿಶ್ವಾಸಿಗಳೂ ಸದಸ್ಯರಾಗಿರುವ ಆಡಳಿತ ಸಭೆಗಳಿಗೆ ಹೊಂದಿಸಿತು. ಕರ್ನಾಟಕದ ಉತ್ತರ, ಮಧ್ಯ ಮತ್ತು ದಕ್ಷಿಣ ಧರ್ಮಪ್ರಾಂತಗಳು ಇದೇ ಸಭೆಗೆ ಸೇರಿವೆ. ಕರಾವಳಿಯ ಕಥೋಲಿಕರಲ್ಲಿ ಚರ್ಚಿನ ಪ್ರತಿಯೊಂದು ವಾರ್ಡಿಗೂ ಒಬ್ಬ ಗುರ್ಕಾರರಿರುವ ಪದ್ಧತಿಯೂ ಹೊಣೆಯನ್ನು ಮನೆಮನೆಯ ಹತ್ತಿರಕ್ಕೆ ತರುವ ಬಗೆ.

ಇಪ್ಪತ್ತನೆಯ ಶತಮಾನದ ಸಾಕ್ಷ್ಯಗಳು

ಹಿಟ್ಲರನು ಜರ್ಮನಿಯ ಚಾನ್ಸಲರ್ ಆದ ಎರಡೇ ದಿನಕ್ಕೆ, 1933ರ ಫೆಬ್ರವರಿ 1ರಂದು, ದೇವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹಾಫರ್ ಬರ್ಲಿನ್ ರೇಡಿಯೊದಲ್ಲಿ ನಾಯಕನ ಕಲ್ಪನೆಯನ್ನು ಕುರಿತು ಮಾತಾಡಿ, ತನ್ನನ್ನು ಜನರು ವಿಗ್ರಹವಾಗಿಸಲು ಬಿಡುವ ನಾಯಕನು ದಾರಿ ತಪ್ಪಿಸುವವನಾಗುತ್ತಾನೆಂದು ಎಚ್ಚರಿಸಿದರು. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ನಾಜಿಗಳು ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1968ರ ಫೆಬ್ರವರಿ 4ರಂದು ಅಟ್ಲಾಂಟದ ತಮ್ಮ ಚರ್ಚಿನಲ್ಲಿ ಯಾಕೋಬ ಮತ್ತು ಯೋಹಾನರ ಬೇಡಿಕೆಯ ಕಥೆಯನ್ನೇ ಆಧರಿಸಿ, ಎಲ್ಲರಿಗಿಂತ ಮುಂದಿರುವ ಹಂಬಲವನ್ನು ಪ್ರೀತಿಯಲ್ಲಿಯೂ ಸೇವೆಯಲ್ಲಿಯೂ ಮುಂದಿರುವ ಹಂಬಲವಾಗಿ ತಿರುಗಿಸಬೇಕೆಂದು ಬೋಧಿಸಿದರು. ಸರಿಯಾಗಿ ಎರಡು ತಿಂಗಳ ನಂತರ, ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಬೆಂಬಲಕ್ಕೆಂದು ಹೋಗಿದ್ದ ಮೆಂಫಿಸಿನಲ್ಲಿ ಅವರ ಹತ್ಯೆಯಾಯಿತು. ಕ್ವೇಕರ್ ಪಂಗಡದ ರಾಬರ್ಟ್ ಗ್ರೀನ್‌ಲೀಫ್ 1970ರ ಪ್ರಬಂಧವೊಂದರಲ್ಲಿ ಸೇವಕ ನಾಯಕತ್ವವೆಂಬ ಪರಿಕಲ್ಪನೆಯನ್ನು ಆಡಳಿತ ಶಾಸ್ತ್ರಕ್ಕೆ ತಂದರು. ಸೇವೆ ಪಡೆದವರು ಬೆಳೆದರೇ, ಸಮಾಜದ ಕೊನೆಯವರಿಗೆ ಒಳಿತಾಯಿತೇ ಎಂಬುದು ಅವರು ಒಡ್ಡಿದ ಪರೀಕ್ಷೆ.

ದುರ್ಬಳಕೆ ಮತ್ತು ಸ್ವವಿಮರ್ಶೆ

ಸೇವೆಯ ಮಾತು ಅಧಿಕಾರಕ್ಕೆ ಮುಸುಕಾಗುವ ಅಪಾಯ ಎಲ್ಲ ಕಾಲದಲ್ಲೂ ಇದೆ. ಅಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ರೋಮಾಪುರದವರ ಪತ್ರದ 13ನೆಯ ಅಧ್ಯಾಯದ ಬೋಧನೆಯನ್ನು ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಸಮರ್ಥನೆಗೆ ಬಳಸಿದ್ದನ್ನು ಅಲ್ಲಿಯ ದೇವಶಾಸ್ತ್ರಜ್ಞರು 1985ರ ಕೈರೋಸ್ ದಾಖಲೆಯಲ್ಲಿ ಖಂಡಿಸಿದರು. ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳನ್ನು ಮೇಲಧಿಕಾರಿಗಳು ಹಲವು ದೇಶಗಳಲ್ಲಿ ಮುಚ್ಚಿಟ್ಟದ್ದು ಕ್ರೈಸ್ತ ನಾಯಕತ್ವದ 20ನೆಯ ಶತಮಾನದ ಅತಿ ದೊಡ್ಡ ವೈಫಲ್ಯಗಳಲ್ಲೊಂದು. ಹಿಂಡಿನ ಎಳೆಯ ಮರಿಗಳಿಗಿಂತ ಸಂಸ್ಥೆಯ ಹೆಸರು ಅಲ್ಲಿ ಮುಖ್ಯವಾಯಿತು. ಇಂಥ ದೂರುಗಳನ್ನು ವರದಿ ಮಾಡುವುದನ್ನು ಪಾದ್ರಿಗಳಿಗೆ ಕಡ್ಡಾಯಗೊಳಿಸಿ, ಬಿಷಪರ ಹೊಣೆಗಾರಿಕೆಯನ್ನೂ ನಿರ್ದಿಷ್ಟಪಡಿಸುವ ಆಜ್ಞೆಯನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದರು.

ಭಾರತದಲ್ಲಿ ಸೇವಕನೆಂಬ ಪದಕ್ಕೆ ಇನ್ನೊಂದು ಭಾರವಿದೆ. ಇಲ್ಲಿ ಕೆಲವು ಜಾತಿಗಳ ಮೇಲೆ ಸೇವೆಯನ್ನು ಹುಟ್ಟಿನಿಂದಲೇ ಹೇರಲಾಗಿತ್ತು. ಆ ಸೇವೆಯಲ್ಲಿ ಆಯ್ಕೆಗೆ ಎಡೆಯಿರಲಿಲ್ಲ. ದಲಿತ ದೇವಶಾಸ್ತ್ರದ ಪ್ರವರ್ತಕರಲ್ಲೊಬ್ಬರಾದ ಅರವಿಂದ ನಿರ್ಮಲ್ ಅವರು ಸೇವಕನಾದ ದೇವರು ದಲಿತರ ದೇವರು, ಸ್ವತಃ ದಲಿತನಾದ ದೇವರು ಎಂದು ವಾದಿಸಿದ್ದು ಈ ಹಿನ್ನೆಲೆಯಲ್ಲಿ. ಮೇಲಿರುವವನು ತಾನಾಗಿ ಬಾಗಿದಾಗ ಮಾತ್ರ ಕಾಲು ತೊಳೆಯುವ ಪಾಠ ಸತ್ಯವಾಗುತ್ತದೆ. ಮೊದಲೇ ಬಗ್ಗಿಸಲ್ಪಟ್ಟವರಿಗೆ ಅದನ್ನು ಉಪದೇಶಿಸಿದರೆ ಅದು ನೊಗವಾಗುತ್ತದೆ. ದಕ್ಷಿಣ ಭಾರತ ಸಭೆಯು 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪರಾಗಿ ನಂದ್ಯಾಲ ಧರ್ಮಪ್ರಾಂತಕ್ಕೆ ನೇಮಿಸಿದ್ದನ್ನೂ ಇದೇ ಸ್ವವಿಮರ್ಶೆಯ ದಾರಿಯಲ್ಲಿ ಕಾಣಬಹುದು.

ಹೊಣೆಯನ್ನು ಬಿಟ್ಟುಕೊಡುವುದು

ವಹಿಸಿಕೊಂಡ ಹೊಣೆಯನ್ನು ಸಕಾಲದಲ್ಲಿ ಬಿಟ್ಟುಕೊಡುವುದೂ ಒಳ್ಳೆಯ ನಾಯಕನ ಲಕ್ಷಣ. ಕಥೋಲಿಕ ಬಿಷಪರು 75 ವರ್ಷ ತುಂಬಿದಾಗ ರಾಜೀನಾಮೆ ಸಲ್ಲಿಸಬೇಕೆಂಬ ನಿಯಮವಿದೆ. ಪೋಪ್ ಹದಿನಾರನೆಯ ಬೆನೆಡಿಕ್ಟ್ 2013ರಲ್ಲಿ ದೇಹಬಲ ಕುಂದಿತೆಂದು ತಾವಾಗಿ ಪದವಿಯಿಂದ ಇಳಿದರು. ಇದರ ಹಳೆಯ ಮಾದರಿ ಮತ್ತೆ ಮೋಶೆಯೇ. ನಾಲ್ವತ್ತು ವರ್ಷ ಜನರನ್ನು ನಡೆಸಿದ ಅವನು, ಅವರು ಕುರುಬನಿಲ್ಲದ ಕುರಿಗಳಂತಾಗಬಾರದೆಂದು ದೇವರನ್ನು ಬೇಡಿ, ಯೆಹೋಶುವನ ಮೇಲೆ ಎಲ್ಲರೆದುರಿಗೆ ಕೈಯಿಟ್ಟು ಹೊಣೆ ಒಪ್ಪಿಸಿದನು. ವಾಗ್ದತ್ತ ದೇಶವನ್ನು ನೆಬೋ ಬೆಟ್ಟದ ಮೇಲಿಂದ ಕಂಡನೇ ಹೊರತು ಒಳಗೆ ಕಾಲಿಡಲಿಲ್ಲ. ಅವನನ್ನು ಹೂಳಿದ ಸ್ಥಳ ಯಾರಿಗೂ ತಿಳಿಯದೆಂದು ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯ ಹೇಳುತ್ತದೆ. ಆ ಹೊತ್ತಿಗೆ ಜನರು ಆ ದೇಶವನ್ನು ಸೇರಲು ಹೊಳೆ ದಾಟುವುದಕ್ಕೆ ಸಿದ್ಧರಾಗಿದ್ದರು.